ಓದುಗರ ಪ್ರಶ್ನೆ: ಲಂಡನ್ನಿನಲ್ಲಿ ಕೂತು ಚಿತ್ರ ನೋಡೋದಕ್ಕೂ ಡಿಗ್ರಿ ಕೊಡ್ತಾರಾ?

ಹೊರದೇಶದಲ್ಲಿ ಓದುತ್ತಿರುವವರಿಗೆ ಓದುಗರು ನೇರವಾಗಿ ಪ್ರಶ್ನೆ ಕೇಳುವ ಅಂಕಣ ಇದು, ಈ ಸಲದ ಸರದಿ ನನ್ನದು. ನಾನು ಇಳಕಲ್ಲಿನವಳು. ಲಂಡನ್ನಿನಲ್ಲಿ ಒಂದು ವರ್ಷದ ಎಂ.ಎ. ಮಾಡುತ್ತಿದ್ದೇನೆ, ವಿಷಯ ಕಲೆ ಮತ್ತು ವಲಸೆ. ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ದುಡ್ಡಿನ ಬಗ್ಗೆಯೇ ಇದ್ದವು, ಒಂದೇ ಥರದವನ್ನು ಸೇರಿಸಿ ಉತ್ತರ ಬರೆದಿದ್ದೇನೆ.

ಕಲೆ ಓದುವುದು ಗೊತ್ತು, ವಲಸೆಯ ಬಗ್ಗೆ ಓದುವುದೂ ಗೊತ್ತು. ಎರಡನ್ನೂ ಸೇರಿಸಿ ಓದುವುದು ಅಂದರೆ ಏನಮ್ಮ? ದೋಣಿಯಲ್ಲಿ ಬರುವವರ ಚಿತ್ರ ಬರೆಯುವುದೇ?
– ನಿವೃತ್ತ ಶಿಕ್ಷಕರು, ತುಮಕೂರು

ಅಲ್ಲ ಸರ್. ನಾನು ಚಿತ್ರ ಬರೆಯುವವಳೇ ಅಲ್ಲ, ನೋಡುವವಳು. ಒಂದು ಚಿತ್ರವೋ ಬಟ್ಟೆಯೋ ಎಲ್ಲಿ ಹುಟ್ಟಿತು, ಯಾರ ಜೊತೆ ಯಾವ ಊರಿಗೆ ಬಂತು, ಬಂದ ಊರಿನವರು ಅದನ್ನು ಗೋಡೆಗೆ ಹಾಕಿದ್ದು ಯಾವಾಗ, ಹಾಕಿದ ಮೇಲೆ ಕೆಳಗೆ ಯಾರ ಹೆಸರು ಬರೆದರು, ಇಷ್ಟನ್ನು ಹುಡುಕುವುದೇ ನಮ್ಮ ಓದು.

ಮ್ಯೂಸಿಯಂನಲ್ಲಿ ಚಿತ್ರದ ಪಕ್ಕ ಒಂದು ಚಿಕ್ಕ ಚೀಟಿ ಇರುತ್ತದಲ್ಲ, ಅದರ ಕೊನೇ ಸಾಲನ್ನು ಯಾರೂ ಓದುವುದಿಲ್ಲ. ಇಂಥ ವರ್ಷ ಕೊಂಡದ್ದು, ಇಂಥವರು ಕೊಟ್ಟದ್ದು ಅಂತ ಅಲ್ಲಿ ಬರೆದಿರುತ್ತದೆ. ನಮಗೆ ಮೊದಲು ಹೇಳಿಕೊಟ್ಟಿದ್ದು ಆ ಸಾಲಿನಿಂದ ಶುರು ಮಾಡಿ ಅಂತ. ಗೋವಾದ ಚಿತ್ರಕಾರ ಎಫ್. ಎನ್. ಸೂಜಾ 1949ರಲ್ಲಿ ಮುಂಬೈ ಬಿಟ್ಟು ಲಂಡನ್ನಿಗೆ ಬಂದರು. ಕೈಯಲ್ಲಿ ಕಾಸಿಲ್ಲದ ಕೆಲವು ವರ್ಷ ಆದ ಮೇಲೆ 1955ರಲ್ಲಿ ಹೆಸರು ಬಂತು, ಚಿತ್ರಗಳು ಮಾರಾಟವಾದವು, ಪತ್ರಿಕೆಗಳು ಬರೆದವು. 1959ರಲ್ಲಿ ಅವರು ಬರೆದ ಶಿಲುಬೆಗೇರಿದ ಕ್ರಿಸ್ತನ ಒಂದು ಚಿತ್ರ ಈಗ ಟೇಟ್ ಅನ್ನುವ ಇಲ್ಲಿನ ದೊಡ್ಡ ಕಲಾ ಮ್ಯೂಸಿಯಂನ ಸಂಗ್ರಹದಲ್ಲಿದೆ. ಕಪ್ಪು ಮುಖ, ಮುಳ್ಳಿನ ಹಾಗೆ ಚುಚ್ಚುವ ಗೆರೆ, ನೋಡಿದರೆ ಭಕ್ತಿಗಿಂತ ಸಿಟ್ಟು ಜಾಸ್ತಿ ಕಾಣುತ್ತದೆ. ಆದರೆ ಚೀಟಿಯ ಕೊನೇ ಸಾಲು ಹೇಳುವುದು 1993ರಲ್ಲಿ ಕೊಂಡದ್ದು ಅಂತ. ಅಷ್ಟು ಹೊತ್ತಿಗೆ ಸೂಜಾ ಲಂಡನ್ ಬಿಟ್ಟು ನ್ಯೂಯಾರ್ಕಿಗೆ ಹೋಗಿ ಇಪ್ಪತ್ತೈದು ವರ್ಷದ ಮೇಲಾಗಿತ್ತು.

ಇನ್ನೊಂದು ನೋಡಿ. ಗಯಾನಾದಿಂದ ಹುಡುಗನಾಗಿ 1953ರಲ್ಲಿ ಬಂದ ಫ್ರ್ಯಾಂಕ್ ಬೌಲಿಂಗ್ ಮತ್ತು ಇಲ್ಲಿಯವರೇ ಆದ ಡೇವಿಡ್ ಹಾಕ್ನಿ, ಇಬ್ಬರೂ ರಾಯಲ್ ಕಾಲೇಜ್ ಆಫ್ ಆರ್ಟ್‌ನಿಂದ 1962ರಲ್ಲಿ ಒಟ್ಟಿಗೆ ಹೊರಬಂದವರು. ಹಾಕ್ನಿಗೆ ಚಿನ್ನದ ಪದಕ, ಬೌಲಿಂಗ್‌ಗೆ ಬೆಳ್ಳಿ. ಟೇಟ್‌ನಲ್ಲಿ ಹಾಕ್ನಿಯ ಜೀವಮಾನದ ಕೆಲಸದ ದೊಡ್ಡ ಪ್ರದರ್ಶನ 1988ರಲ್ಲೇ ಆಯಿತು. ಬೌಲಿಂಗ್‌ದು ಆಗಿದ್ದು 2019ರಲ್ಲಿ, ಅವರಿಗೆ ಎಂಬತ್ತೈದು ತುಂಬಿದ್ದಾಗ. ಮಧ್ಯೆ ಅವರು ಕೆಲವು ವರ್ಷ ನ್ಯೂಯಾರ್ಕಿನಲ್ಲಿದ್ದರು, ಬರೆಯುವ ರೀತಿ ಬದಲಾಯಿತು, ಇವೆಲ್ಲ ನಿಜ. ಆದರೂ ಚಿನ್ನಕ್ಕೂ ಬೆಳ್ಳಿಗೂ ಮೂವತ್ತೊಂದು ವರ್ಷದ ಅಂತರ ಇರಲಾರದು ಅಂತ ನನ್ನ ಲೆಕ್ಕ.

ಅಕ್ಕ, ನಿಮ್ಮ ಒಂದು ದಿನ ಹೇಗಿರುತ್ತೆ? ಇನ್‌ಸ್ಟಾಗ್ರಾಮ್‌ನಲ್ಲಿ ಹಾಕೋದಲ್ಲ, ನಿಜವಾದ್ದು.
– ಬಿ.ಎಫ್.ಎ. ವಿದ್ಯಾರ್ಥಿನಿ, ಧಾರವಾಡ

ಕಳೆದ ಗುರುವಾರದ್ದನ್ನೇ ಹೇಳುತ್ತೇನೆ ತಂಗಿ. ಬೆಳಗ್ಗೆ ಊರಿಂದ ತಂದ ಕಟಕ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಮೇಲೆ ಇಲ್ಲಿನ ಮೊಸರು. ಟ್ಯೂಬ್ ಅನ್ನುವ ಇಲ್ಲಿನ ನೆಲದಡಿ ರೈಲಿಗಿಂತ ಬಸ್ಸು ಅಗ್ಗ, ನಿಧಾನ ಅನ್ನೋದು ಬಿಟ್ಟರೆ. ಮೇಲಿನ ಅಂತಸ್ತಿನಲ್ಲಿ ಮುಂದಿನ ಸೀಟು ಸಿಕ್ಕಿದರೆ ಅರ್ಧ ಪಾಠ ಓದಿ ಮುಗಿಯುತ್ತದೆ.

ಹತ್ತು ಗಂಟೆಗೆ ಕ್ಲಾಸು. ಎರಡು ಗಂಟೆ ಒಂದೇ ಚಿತ್ರ! ಫೋರ್ಡ್ ಮ್ಯಾಡಾಕ್ಸ್ ಬ್ರೌನ್ 1855ರಲ್ಲಿ ಮುಗಿಸಿದ 'ದಿ ಲಾಸ್ಟ್ ಆಫ್ ಇಂಗ್ಲೆಂಡ್'. ಮೂಲ ಇರುವುದು ಬರ್ಮಿಂಗ್‌ಹ್ಯಾಮ್‌ನಲ್ಲಿ, ನಾವು ನೋಡಿದ್ದು ಪರದೆಯ ಮೇಲೆ. ಗಂಡ ಹೆಂಡತಿ ಹಡಗಿನಲ್ಲಿ ಕೂತು ದೇಶ ಬಿಟ್ಟು ಹೋಗುತ್ತಿದ್ದಾರೆ, ಚಿತ್ರಕಾರನ ಸ್ನೇಹಿತನೊಬ್ಬ ಚಿನ್ನ ಹುಡುಕಿಕೊಂಡು ಆಸ್ಟ್ರೇಲಿಯಾಕ್ಕೆ ಹೊರಟಾಗ ಹುಟ್ಟಿದ ಯೋಚನೆ ಇದು. ಮೊದಲು ಕಾಣುವುದು ಎರಡು ಮುಖ ಮಾತ್ರ. ಸ್ವಲ್ಪ ಹೊತ್ತು ನೋಡಿದರೆ ಹಡಗಿನ ಕಟಕಟೆಗೆ ಸಾಲಾಗಿ ಎಲೆಕೋಸು ಕಟ್ಟಿರುವುದು ಕಾಣುತ್ತದೆ, ತಿಂಗಳುಗಟ್ಟಲೆ ದಾರಿಗೆ ತರಕಾರಿ ಬೇಕಲ್ವಾ. ಇನ್ನೂ ನೋಡಿದರೆ ಹೆಂಡತಿಯ ಶಾಲಿನ ಸಂದಿಯಲ್ಲಿ ಒಂದು ಪುಟ್ಟ ಕೈ. ಒಳಗೆ ಮಗು ಇದೆ, ಅದರ ಮುಖವೇ ಕಾಣುವುದಿಲ್ಲ. ಇಂಗ್ಲೆಂಡಿನ ಅತಿ ಹೆಸರಾದ ವಲಸೆಯ ಚಿತ್ರ ಇಲ್ಲಿಗೆ ಬಂದವರದ್ದಲ್ಲ, ಇಲ್ಲಿಂದ ಬಿಟ್ಟು ಹೋದವರದ್ದು. ಈಗ ಇಲ್ಲಿ ಬಂದವರನ್ನು ಬೈಯುವವರಿಗೆ ಇದನ್ನು ಒಂದು ಸಲ ತೋರಿಸಬೇಕು ಅನ್ನಿಸುತ್ತದೆ, ಇರಲಿ.

ಮಧ್ಯಾಹ್ನ ಬ್ರಿಕ್ ಲೇನ್, ಪೂರ್ವ ಲಂಡನ್ನಿನ ಒಂದು ಬೀದಿ. ವಲಸೆ ಓದುವವರನ್ನೆಲ್ಲ ಮೇಷ್ಟ್ರುಗಳು ಇಲ್ಲಿಗೆ ತಂದೇ ತರುತ್ತಾರೆ, ಕಾರಣ ಒಂದೇ ಕಟ್ಟಡ. 1743ರಲ್ಲಿ ಅದು ಫ್ರಾನ್ಸಿನಿಂದ ಓಡಿಬಂದ ಪ್ರೊಟೆಸ್ಟೆಂಟರು, ಅಂದರೆ ಹ್ಯೂಗನೋಗಳು ಕಟ್ಟಿದ ಚರ್ಚು. ಆಮೇಲೆ ಮೆಥಡಿಸ್ಟರು ಅನ್ನುವ ಇನ್ನೊಂದು ಕ್ರೈಸ್ತ ಪಂಗಡದವರದ್ದಾಯಿತು. 1898ರಿಂದ ಪೂರ್ವ ಯುರೋಪಿನಿಂದ ಬಂದ ಯಹೂದಿಗಳ ಸಿನಗಾಗ್, ಅಂದರೆ ಅವರ ಪ್ರಾರ್ಥನಾ ಮಂದಿರ. 1976ರಿಂದ ಮಸೀದಿ, ಸುತ್ತಲಿನ ಬಾಂಗ್ಲಾದವರದ್ದು. ಗೋಡೆಯ ಮೇಲೆ 1743ರ ನೆರಳು ಗಡಿಯಾರ ಹಾಗೇ ಇದೆ, ಯಾರೂ ಕಿತ್ತಿಲ್ಲ. ಪ್ರವಾಸಿಗರು ಇದನ್ನು ನೋಡಿ ಎಷ್ಟು ಚೆಂದದ ಸೌಹಾರ್ದ ಅನ್ನುತ್ತಾರೆ. ನನಗೆ ಅಷ್ಟು ಸಲೀಸಾಗಿ ಕಾಣುವುದಿಲ್ಲ. ಅಲ್ಲೇ ಹತ್ತಿರ 1978ರಲ್ಲಿ ಅಲ್ತಾಬ್ ಅಲಿ ಅನ್ನುವ ಬಟ್ಟೆ ಕಾರ್ಖಾನೆಯ ಹುಡುಗನನ್ನು ಬಣ್ಣದ ದ್ವೇಷಕ್ಕೆ ಕೊಂದರು, ಈಗ ಅವನ ಹೆಸರಿನ ಪಾರ್ಕಿದೆ. ನೆರಳು ಗಡಿಯಾರದ ಫೋಟೊ ತೆಗೆಯುವವರು ಆ ಪಾರ್ಕಿನ ತನಕ ನಡೆಯುವುದು ಕಡಿಮೆ.

ಪಕ್ಕದ ಬೀದಿಗಳಲ್ಲಿ ತಲೆ ಎತ್ತಿ ನೋಡಿದರೆ ಮನೆಗಳ ತುದಿಯಲ್ಲಿ ಉದ್ದುದ್ದ ಕಿಟಕಿಗಳು. ಮಗ್ಗಕ್ಕೆ ಬೆಳಕು ಬೇಕು ಅಂತ ಆಗಿನ ನೇಕಾರರು ಮೇಲಿನ ಅಂತಸ್ತಿನಲ್ಲಿ ನೇಯುತ್ತಿದ್ದರು. ನಮ್ಮಲ್ಲಿ ಗುಂಡಿ ಮಗ್ಗ, ಕಾಲು ನೆಲದ ಕೆಳಗೆ. ಇವರು ಸೂರಿನ ಕೆಳಗೆ. 1685ರಲ್ಲಿ ಫ್ರಾನ್ಸಿನ ರಾಜ 14ನೇ ಲೂಯಿ ಪ್ರೊಟೆಸ್ಟೆಂಟರಿಗಿದ್ದ ರಕ್ಷಣೆಯನ್ನು ತೆಗೆದುಹಾಕಿದಾಗ ಸಾವಿರಾರು ಜನ ಊರು ಬಿಟ್ಟರು, ಅವರಲ್ಲಿ ರೇಷ್ಮೆ ನೇಯುವವರು ಬ್ರಿಕ್ ಲೇನ್ ಇರುವ ಈ ಸ್ಪಿಟಲ್‌ಫೀಲ್ಡ್ಸ್ ಪ್ರದೇಶದಲ್ಲಿ ನೆಲೆ ನಿಂತರು.

ಅಲ್ಲಿಂದ ನಾನು ಹೋಗಿದ್ದು ಸ್ಟೋರ್‌ಹೌಸ್‌ಗೆ. ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನವರು ತಮ್ಮ ಗೋದಾಮನ್ನೇ 2025ರ ಮೇ ಕೊನೆಯಲ್ಲಿ ಪೂರ್ವ ಲಂಡನ್ನಿನಲ್ಲಿ ಜನರಿಗೆ ತೆರೆದಿದ್ದಾರೆ. ಮುಂಚೆಯೇ ಬುಕ್ ಮಾಡಿದರೆ ನಮಗೆ ಬೇಕಾದ ವಸ್ತುಗಳನ್ನು, ಒಂದು ಸಲಕ್ಕೆ ಐದರವರೆಗೆ, ತಂದು ಮೇಜಿನ ಮೇಲೆ ಇಡುತ್ತಾರೆ. ದುಡ್ಡು ಕೇಳುವುದಿಲ್ಲ, ನೀನು ಪ್ರೊಫೆಸರಾ ಅಂತಲೂ ಕೇಳುವುದಿಲ್ಲ. ನಾನು ಕೇಳಿದ್ದು 18ನೇ ಶತಮಾನದ ಒಂದು ಸ್ಪಿಟಲ್‌ಫೀಲ್ಡ್ಸ್ ರೇಷ್ಮೆ ತುಂಡು. ಪೆನ್ನು ಇಲ್ಲ, ಪೆನ್ಸಿಲ್ ಮಾತ್ರ. ಅವರನ್ನು ಕೇಳದೆ ಮುಟ್ಟುವ ಹಾಗಿಲ್ಲ. ಹಾಲಿನ ಬಣ್ಣದ ನೆಲ, ಮೇಲೆ ಹೂವು, ಹಿಂಬದಿಯಲ್ಲಿ ಬಣ್ಣದ ಎಳೆಗಳ ತುದಿ. ಎಲ್ಲರೂ ಹೂವು ನೋಡುತ್ತಾರೆ, ನಾನು ಅಂಚು ನೋಡಿದೆ. ಪನ್ನ, ಅಂದರೆ ಬಟ್ಟೆಯ ಅಗಲ, ಇಪ್ಪತ್ತು ಇಂಚಿನ ಆಸುಪಾಸು ಅಷ್ಟೇ, ನಮ್ಮ ಸೀರೆಯ ಅರ್ಧದಷ್ಟೂ ಇಲ್ಲ. ಒಬ್ಬನೇ ಕೂತು ಈ ಕೈಯಿಂದ ಆ ಕೈಗೆ ಲಾಳಿ ಎಸೆಯಲು ಅಷ್ಟೇ ಅಗಲ ಆಗುವುದು. ನಮ್ಮಜ್ಜ ಮಗ್ಗದ ಮೇಲೆ ಕೂತವರು, ಹಾಗಾಗಿ ಬಟ್ಟೆ ಕಂಡರೆ ನನ್ನ ಕೈ ಮೊದಲು ಅಂಚಿಗೇ ಹೋಗುತ್ತದೆ. ಇಲ್ಲಿ ಕೈ ಹೋಗಲಿಲ್ಲ, ಕಣ್ಣು ಹೋಯಿತು.

ಇದರಲ್ಲಿ ನನ್ನ ತಲೆಯಲ್ಲಿ ಕೂತ ಸಂಗತಿ ಬೇರೆ. ಆ ಕಾಲದಲ್ಲಿ ಈ ರೇಷ್ಮೆಗಳಿಗೆ ವಿನ್ಯಾಸ ಬರೆಯುತ್ತಿದ್ದವರಲ್ಲಿ ಆನಾ ಮರಿಯಾ ಗಾರ್ಥ್‌ವೇಟ್ ಅನ್ನುವ ಹೆಂಗಸು ಬಹಳ ಹೆಸರು ಮಾಡಿದ್ದಳು. ಅವಳು ವಲಸೆ ಬಂದವಳಲ್ಲ, ಇಂಗ್ಲೆಂಡಿನ ಪಾದ್ರಿಯೊಬ್ಬರ ಮಗಳು. ಅವಳ ಎಂಟುನೂರಕ್ಕೂ ಹೆಚ್ಚು ಜಲವರ್ಣದ ವಿನ್ಯಾಸಗಳು ಇದೇ ಮ್ಯೂಸಿಯಂನಲ್ಲಿವೆ. ಹಲವು ಹಾಳೆಗಳಲ್ಲಿ ಆ ವಿನ್ಯಾಸವನ್ನು ಯಾವ ನೇಕಾರನಿಗೆ ಮಾರಿದಳು ಅಂತ ಅವಳೇ ಬರೆದಿಟ್ಟಿದ್ದಾಳೆ, ಅದರಲ್ಲಿ ಫ್ರೆಂಚ್ ಹೆಸರುಗಳು ತುಂಬ ಸಿಗುತ್ತವೆ. ಆದರೆ ಅವರೆಲ್ಲ ಮಾಲೀಕ ನೇಕಾರರು. ನಿಜವಾಗಿ ಲಾಳಿ ಎಸೆದ ಕೂಲಿ ನೇಕಾರನ ಹೆಸರು ಯಾವ ಹಾಳೆಯಲ್ಲೂ ನನಗೆ ಕಾಣಲಿಲ್ಲ. ಇಳಕಲ್ಲಿನಲ್ಲಿ ಅಂಗಡಿಯ ಬೋರ್ಡಿನ ಮೇಲೆ ಯಾರ ಹೆಸರಿರುತ್ತದೆ, ಸೀರೆ ಯಾರು ನೇಯ್ದಿರುತ್ತಾರೆ, ನಿಮಗೆ ಗೊತ್ತಿರುವುದೇ. ನನ್ನ ಪ್ರಬಂಧ ಇದರ ಮೇಲೆಯೇ.

ಸಂಜೆ ಒಂದು ಅಂಗಡಿಯಲ್ಲಿ ನಾಲ್ಕು ಗಂಟೆ ಕೆಲಸ. ಚಳಿಗಾಲದಲ್ಲಿ ನಾಲ್ಕಕ್ಕೇ ಕತ್ತಲು. ಮನೆಗೆ ಬಂದು ಅನ್ನಕ್ಕಿಟ್ಟು, ಸುಮ್ನೆ ಗೋಡೆ ನೋಡುತ್ತಾ ಕೂರುವುದು. ಅಷ್ಟೇ.

ಮಗಳು ಇದನ್ನೇ ಓದಬೇಕು ಅಂತ ಹಟ ಮಾಡ್ತಿದ್ದಾಳೆ. ಚೆನ್ನಾಗಿ ಚಿತ್ರ ಬರೀತಾಳೆ, ಅಲ್ಲಿ ಚಿತ್ರ ಮಾರಿ ಖರ್ಚು ತೂಗಿಸ್ತೀನಿ ಅಂತಾಳೆ. ಆಗುತ್ತಾ? ಕೆಲಸ ಸಿಗುತ್ತಾ?
– ಒಬ್ಬ ತಾಯಿ, ಶಿವಮೊಗ್ಗ

ಅಮ್ಮಾ, ಚಿತ್ರ ಮಾರಿ ಖರ್ಚು ತೂಗಿಸುವುದು ಆಗುವುದಿಲ್ಲ. ಮಾರಾಟ ಆಗಲ್ಲ ಅಂತಲ್ಲ, ಸ್ಟೂಡೆಂಟ್ ವೀಸಾದಲ್ಲಿ ಸ್ವಂತ ಉದ್ಯೋಗ ಮಾಡುವ ಹಾಗೇ ಇಲ್ಲ. ಯಾರದೋ ಕೈಕೆಳಗೆ ಸಂಬಳಕ್ಕೆ ದುಡಿಯಬಹುದು, ಅದೂ ಪಾಠ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ ಮೀರದಂತೆ. ಕಲೆ ಓದಲು ಬಂದವರು ಹೋಟೆಲಿನಲ್ಲಿ ತಟ್ಟೆ ತೊಳೆಯಬಹುದು, ತಮ್ಮ ಚಿತ್ರ ಮಾರುವ ದಂಧೆ ಮಾಡುವಂತಿಲ್ಲ. ವಲಸೆ ಮತ್ತು ಕಲೆ ಅನ್ನುವ ನಮ್ಮ ವಿಷಯಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ ಅಂತ ನಾವು ಕ್ಲಾಸಿನಲ್ಲಿ ನಗುತ್ತೇವೆ.

ಖರ್ಚಿನ ಮಾತು. ಹೊರದೇಶದವರಿಗೆ ಎಂ.ಎ. ಫೀಸು ಸಾಮಾನ್ಯವಾಗಿ 20,000 ಪೌಂಡ್ ದಾಟುತ್ತದೆ, ಪೌಂಡ್ ನೂರು ರೂಪಾಯಿ ದಾಟಿ ಬಹಳ ದಿನ ಆಯಿತು. ವೀಸಾ ಜೊತೆಗೆ ಆರೋಗ್ಯ ಶುಲ್ಕ ಅಂತ ವರ್ಷಕ್ಕೆ 776 ಪೌಂಡ್ ಮುಂಗಡವಾಗಿಯೇ ಕಟ್ಟಬೇಕು. ಇರುವ ಖರ್ಚಿನ ಹಣ 28 ದಿನ ಬ್ಯಾಂಕಿನಲ್ಲಿ ಅಲುಗಾಡದೆ ಇರಬೇಕು, ನೆಂಟರಿಂದ ಎರಡು ದಿನಕ್ಕೆ ತಂದು ತೋರಿಸಿದರೆ ನಡೆಯುವುದಿಲ್ಲ. ಓದು ಮುಗಿದ ಮೇಲೆ ಕೆಲಸ ಹುಡುಕಲು ಎರಡು ವರ್ಷ ಇರಲು ಬಿಡುತ್ತಾರೆ, 2027ರ ಜನವರಿ 1ರಿಂದ ಅದಕ್ಕೆ ಅರ್ಜಿ ಹಾಕುವವರಿಗೆ ಅದು 18 ತಿಂಗಳಿಗೆ ಇಳಿಯುತ್ತದೆ.

ಕೆಲಸದ ಬಗ್ಗೆ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಮ್ಯೂಸಿಯಂ ಕೆಲಸಗಳು ಕಡಿಮೆ, ಸಂಬಳ ಇನ್ನೂ ಕಡಿಮೆ, ಪೈಪೋಟಿ ವಿಪರೀತ. ಮನೆ ಅಡ ಇಟ್ಟು ಸಾಲ ಮಾಡಿ ಈ ಓದಿಗೆ ಕಳಿಸಬೇಡಿ. ಮಗಳು ಎರಡು ವರ್ಷ ಊರಲ್ಲೇ ಏನಾದರೂ ಕೆಲಸ ಮಾಡಿದರೆ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು, ಬ್ರಿಟಿಷ್ ಸರ್ಕಾರದ್ದು, ಫೀಸು ಮತ್ತು ಖರ್ಚು ಎರಡೂ ಕೊಡುತ್ತಾರೆ. ಓದು ಮುಗಿಸಿ ಎರಡು ವರ್ಷ ವಾಪಸ್ ಬಂದು ಊರಲ್ಲಿರಬೇಕು ಅನ್ನುವುದು ಅವರ ಷರತ್ತು, ಅದು ನಿಮಗೆ ಬೇಜಾರಾಗುವ ಷರತ್ತಲ್ಲ ಅಂದುಕೊಂಡಿದ್ದೇನೆ.

ಲಂಡನ್ನಿನಲ್ಲಿ ಬಸವಣ್ಣನ ಮೂರ್ತಿ ಇದೆಯಲ್ಲ, ನೋಡಿದ್ರಾ? ನಿಮ್ಮ ಪಾಠದಲ್ಲಿ ಅದು ಬರುತ್ತಾ?
– ವ್ಯಾಪಾರಿ, ಕಲಬುರಗಿ

ನೋಡಿದ್ದೇನೆ ಅಣ್ಣಾ, ಆಗಾಗ ಹೋಗುತ್ತೇನೆ. ಟೇಟ್ ಬ್ರಿಟನ್‌ನಿಂದ ಹೊರಬಂದು ನದಿಯ ದಂಡೆಯಲ್ಲೇ ನಡೆದು ಲ್ಯಾಂಬೆತ್ ಸೇತುವೆ ದಾಟಿದರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್. 2015ರ ನವೆಂಬರಿನಲ್ಲಿ ಪ್ರಧಾನಿ ಮೋದಿ ಅನಾವರಣ ಮಾಡಿದ್ದು. ಅದರ ಹಿಂದೆ ಓಡಾಡಿದವರು ನಿಮ್ಮ ಊರಿನ ಕಡೆಯವರೇ, ಲ್ಯಾಂಬೆತ್‌ನ ಮೇಯರ್ ಆಗಿದ್ದ ಡಾ. ನೀರಜ್ ಪಾಟೀಲ್.

ಪಾಠದಲ್ಲಿ ಬರುವುದಿಲ್ಲ. ನಾನೇ ಒಂದು ಸಲ ಕ್ಲಾಸಿನಲ್ಲಿ ಎತ್ತಿದೆ. ವಲಸೆ ಬಂದವರ ಕಲೆ ಅಂದರೆ ವಲಸೆ ಬಂದ ಕಲಾವಿದ ಬರೆದದ್ದು ಅಂತ ಮಾತ್ರ ಯಾಕೆ ಅಂದುಕೊಳ್ಳಬೇಕು? ಬಂದವರು ಸೇರಿ, ಅನುಮತಿ ತಗೊಂಡು, ಪಾರ್ಲಿಮೆಂಟ್ ಹತ್ತಿರದ ನದಿ ದಂಡೆಯಲ್ಲಿ ತಮ್ಮವರೊಬ್ಬರನ್ನು ನಿಲ್ಲಿಸಿದ್ದಾರಲ್ಲ, ಅದೂ ಅದೇ ಅಲ್ವಾ. ಶಿಲ್ಪ ಅದ್ಭುತವಾಗಿದೆ ಅಂತ ನಾನು ಹೇಳಲಾರೆ, ನಮ್ಮೂರ ಸರ್ಕಲ್ಲಿನಲ್ಲಿ ಕಾಣುವ ಥರದ್ದೇ. ಆದರೆ ಅದರ ಮುಂದೆ ಚಪ್ಪಲಿ ಬಿಟ್ಟು ಕೈ ಮುಗಿಯುವವರನ್ನೂ, ಪಕ್ಕದಲ್ಲೇ ಬೆಂಚಿನ ಮೇಲೆ ಸ್ಯಾಂಡ್‌ವಿಚ್ ತಿನ್ನುತ್ತಾ ಇದು ಯಾರು ಅಂತ ಫೋನಿನಲ್ಲಿ ಹುಡುಕುವವರನ್ನೂ ನೋಡಿದ್ದೇನೆ. ಟೇಟ್ ಒಳಗೆ ಈ ಎರಡೂ ನಡೆಯುವುದಿಲ್ಲ.

ವಲಸೆಯ ಕಲೆ ಅಂದ್ರೆ ಯಾವಾಗಲೂ ಗೋಳೇ ಯಾಕೆ? ಮುಳುಗುವ ದೋಣಿ, ಮುಳ್ಳುತಂತಿ, ಅಳುವ ಮಗು. ನಗೋದೇ ಇಲ್ವಾ ಇವರು?
– ಓದುಗ, ಮಂಗಳೂರು

ನಗುತ್ತಾರೆ, ಪ್ರದರ್ಶನ ಮಾಡುವವರಿಗೆ ನಗು ಬೇಡ ಅಷ್ಟೇ. ಒಂದು ಕತೆ ಕೇಳಿ. 1940ರಲ್ಲಿ ಬ್ರಿಟನ್ ಸರ್ಕಾರ ತನ್ನ ನೆಲದಲ್ಲಿದ್ದ ಸಾವಿರಾರು ಜರ್ಮನ್ನರು, ಆಸ್ಟ್ರಿಯನ್ನರನ್ನು ಶತ್ರು ದೇಶದವರು ಅಂತ ಹಿಡಿದು ಕೂಡಿಹಾಕಿತು. ಹಿಟ್ಲರನಿಗೆ ಹೆದರಿ ಓಡಿಬಂದವರೂ ಅದರಲ್ಲಿ ಸಿಕ್ಕಿಬಿದ್ದರು. ಐಲ್ ಆಫ್ ಮ್ಯಾನ್ ದ್ವೀಪದ ಹಚಿನ್ಸನ್ ಶಿಬಿರದಲ್ಲಿ ಕರ್ಟ್ ಶ್ವಿಟರ್ಸ್ ಅನ್ನುವ ಜರ್ಮನ್ ಕಲಾವಿದ ಇದ್ದ, ಕಸದ ಚೂರು, ಟಿಕೆಟ್ಟು, ಕಾಗದ ಅಂಟಿಸಿ ಚಿತ್ರ ಮಾಡಿ ಹೆಸರಾದವನು. ಅಲ್ಲಿ ಸಾಮಾನು ಇಲ್ಲ. ಬೆಳಗ್ಗೆ ಕೊಡುತ್ತಿದ್ದ ಓಟ್ಸ್ ಗಂಜಿಯಲ್ಲಿ ಮಿಕ್ಕಿದ್ದನ್ನು ಕೂಡಿಟ್ಟು ಶಿಲ್ಪ ಮಾಡಿದ! ಅವಕ್ಕೆ ಹಸಿರು ಬೂಷ್ಟು ಬಂದು ರೂಮೆಲ್ಲ ನಾತ. ಈಗ ಒಂದೂ ಉಳಿದಿಲ್ಲ, ಉಳಿಯುವುದಾದರೂ ಹೇಗೆ. ಅದೇ ಶಿಬಿರದಲ್ಲಿ ಅವನು ಜೊತೆಗಿದ್ದವರ ಮುಖಗಳನ್ನು ತೀರಾ ಸಾದಾ ರೀತಿಯಲ್ಲಿ, ಸ್ಟುಡಿಯೋ ಫೋಟೊ ಥರ ಬರೆದಿದ್ದಾನೆ, ಅವು ಇವೆ.

ಹೊಸದು ಬೇಕಾದರೆ ನೈಜೀರಿಯಾ ಮೂಲದ ಕಲಾವಿದ ಯಿಂಕಾ ಶೋನಿಬಾರೆ 2010ರಲ್ಲಿ ಲಂಡನ್ನಿನ ಟ್ರಫಾಲ್ಗರ್ ಚೌಕದ ಖಾಲಿ ಪೀಠದ ಮೇಲೆ ಇಟ್ಟದ್ದು. ಅಡ್ಮಿರಲ್ ನೆಲ್ಸನ್ನನ ಹಡಗು ದೊಡ್ಡ ಬಾಟಲಿಯೊಳಗೆ, ಹಾಯಿಗಳಿಗೆಲ್ಲ ಆಫ್ರಿಕಾದ ಬಟ್ಟೆ ಅಂತ ಎಲ್ಲರೂ ನಂಬಿರುವ ಬಣ್ಣಬಣ್ಣದ ಬಟ್ಟೆ. ಆ ಬಟ್ಟೆ ಇಂಡೋನೇಷ್ಯಾದ ಬಾಟಿಕ್ ನೋಡಿ ಡಚ್ಚರು ಯಂತ್ರದಲ್ಲಿ ಮಾಡಿ ಪಶ್ಚಿಮ ಆಫ್ರಿಕಾಕ್ಕೆ ಮಾರಿದ್ದು. ಗ್ರೆನಿಚ್‌ನ ಮ್ಯಾರಿಟೈಮ್ ಮ್ಯೂಸಿಯಂ ಹೊರಗೆ ಈಗಲೂ ಇದೆ, ಮಕ್ಕಳು ಅದರ ಸುತ್ತ ಓಡುತ್ತಿರುತ್ತಾರೆ.

ನಿಮ್ಮ ದೂರನ್ನು ಮಾತ್ರ ನಾನು ಒಪ್ಪುತ್ತೇನೆ. ಯಾರೋ ಸಮುದ್ರ ದಾಟಿ ಬಂದು ದಡದಲ್ಲಿ ಬಿಟ್ಟುಹೋದ ಲೈಫ್ ಜಾಕೆಟ್ಟುಗಳನ್ನು ತಂದು ಮ್ಯೂಸಿಯಂ ಕಂಬಕ್ಕೆ ಸುತ್ತುವ ಕಲೆ ನನಗೆ ಸೇರುವುದಿಲ್ಲ. ಅಲ್ಲೂ ತೊಟ್ಟವನ ಹೆಸರು ಇರುವುದಿಲ್ಲ, ಸುತ್ತಿದವನದ್ದು ಇರುತ್ತದೆ.

ಒಬ್ಬಳೇ ಇರ್ತೀರಲ್ಲ, ಅಮ್ಮನ ನೆನಪಾಗಲ್ವಾ?
– ಗೃಹಿಣಿ, ಹಾಸನ

ಆಗುತ್ತೆ ಅಕ್ಕ. ದಿನಾ ವೀಡಿಯೊ ಕಾಲ್ ಇದೆ, ಅದರಲ್ಲಿ ಅಮ್ಮನ ಹಣೆ ಮತ್ತು ಸೀಲಿಂಗ್ ಫ್ಯಾನು ಕಾಣುತ್ತದೆ. ಮೋನಾ ಹತೂಮ್ ಅಂತ ಕಲಾವಿದೆ, ಲೆಬನಾನಿನ ಬೈರೂತಿನಲ್ಲಿ ಹುಟ್ಟಿದ ಪ್ಯಾಲೆಸ್ತೀನಿ ಮನೆತನದವರು, 1975ರಲ್ಲಿ ಸುಮ್ನೆ ನಾಲ್ಕು ದಿನಕ್ಕೆ ಅಂತ ಲಂಡನ್ನಿಗೆ ಬಂದಿದ್ದಾಗ ಲೆಬನಾನಿನಲ್ಲಿ ಯುದ್ಧ ಶುರುವಾಗಿ ವಾಪಸ್ ಹೋಗಲಾಗಲಿಲ್ಲ. 1988ರಲ್ಲಿ ಒಂದು ವೀಡಿಯೊ ಮಾಡಿದರು. ತಾಯಿಯ ಚಿತ್ರದ ಮೇಲೆ ತಾಯಿ ಬರೆದ ಅರಬ್ಬಿ ಪತ್ರಗಳ ಸಾಲು, ಹಿಂದೆ ತಾಯಿ ಮಗಳ ಮಾತು, ನಗು, ಮೇಲೆ ಮಗಳು ಅದೇ ಪತ್ರವನ್ನು ಇಂಗ್ಲಿಷಿನಲ್ಲಿ ಓದುತ್ತಾಳೆ. ಹದಿನೈದು ನಿಮಿಷದ್ದು. ಅದನ್ನು ನೋಡಿದ ದಿನ ಮನೆಗೆ ಫೋನ್ ಮಾಡಲಿಲ್ಲ, ಮಾಡಿದ್ದರೆ ಅಳು ಬರುತ್ತಿತ್ತು.

ನಮಗೆ ಲಂಡನ್ ಆಗದ ಮಾತು. ಇಲ್ಲೇ ಇದ್ದುಕೊಂಡು ಇದನ್ನು ಓದೋದು ಹೇಗೆ?
– ಪದವಿ ವಿದ್ಯಾರ್ಥಿ, ಹೊಸಪೇಟೆ

ಆಗುತ್ತೆ, ಅದೂ ಚೆನ್ನಾಗಿಯೇ ಆಗುತ್ತೆ. ಟೇಟ್, ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಎರಡರ ಸಂಗ್ರಹವನ್ನೂ ಅವರ ವೆಬ್‌ಸೈಟಿನಲ್ಲಿ ನೋಡಬಹುದು, ಯಾವ ವರ್ಷ ಕೊಂಡರು ಅನ್ನುವುದೂ ಇರುತ್ತದೆ. ಬೆನ್ ಯೂರಿ ಅಂತ 1915ರಲ್ಲಿ ಪೂರ್ವ ಲಂಡನ್ನಿನ ಯಹೂದಿ ವಲಸಿಗರು ಶುರು ಮಾಡಿದ ಸಂಸ್ಥೆ, ಈಗ ಬ್ರಿಟನ್ನಿಗೆ ಬಂದ ಎಲ್ಲ ದೇಶದ ಕಲಾವಿದರ ಬಗ್ಗೆಯೂ ಮಾಹಿತಿ ಕೂಡಿಸುತ್ತದೆ. ಅದೂ ಪುಕ್ಕಟೆ.

ಆದರೆ ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಬಸ್ ಹಿಡಿದು ಯಲ್ಲಾಪುರ, ಹಳಿಯಾಳ ಕಡೆ ಹೋಗುತ್ತಿದ್ದೆ. ಆಫ್ರಿಕಾದಿಂದ ಗುಲಾಮರಾಗಿ ತಂದವರ ವಂಶದವರು ಸಿದ್ದಿಗಳು, ಬಹಳ ಜನ ಗೋವಾದ ಕಡೆಯಿಂದ ಆ ಕಾಡು ಸೇರಿದವರು. ಅಲ್ಲಿನ ಹೆಂಗಸರು ಹಳೇ ಬಟ್ಟೆಯಲ್ಲಿ ಹೊಲಿಯುವ ಕೌದಿ ಬೇರೆ ಕೌದಿಯ ಹಾಗಿರುವುದಿಲ್ಲ. ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ, ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ಪುಟ್ಟ ಹೂವು ಇಡದೆ ಕೌದಿ ಮುಗಿಯಿತು ಅನ್ನುವುದಿಲ್ಲ. ಇಲ್ಲಾಂದ್ರೆ ಬೈಲಕುಪ್ಪೆಗೆ ಹೋಗಿ, 1961ರಿಂದ ಟಿಬೆಟ್ಟಿನವರು ಅಲ್ಲಿದ್ದಾರೆ. ದೇವಸ್ಥಾನದ ಎದುರು ಸೆಲ್ಫಿ ತೆಗೆದು ವಾಪಸ್ ಬರುವ ಬದಲು ಥಂಕಾ, ಅಂದರೆ ಬಟ್ಟೆಯ ಮೇಲಿನ ಬೌದ್ಧ ಚಿತ್ರ, ಬರೆಯುವವರನ್ನು ಹುಡುಕಿ, ಅದನ್ನು ಯಾರಿಂದ ಕಲಿತರು ಅಂತ ಕೇಳಿ.

ಅಷ್ಟೂ ದೂರ ಬೇಡ ಅಂದರೆ ನಿಮ್ಮ ಜಿಲ್ಲೆಯಲ್ಲೇ ಪ್ರತಿ ಬೇಸಿಗೆ ಗುಳೆ ಹೋಗುವವರಿದ್ದಾರೆ. ಹೋಗುವಾಗ ಏನು ಕಟ್ಟಿಕೊಂಡು ಹೋಗುತ್ತಾರೆ, ಏನು ಬಿಟ್ಟು ಹೋಗುತ್ತಾರೆ, ಶೆಡ್ಡಿನ ತಗಡಿಗೆ ಯಾವ ದೇವರ ಪಟ ಅಂಟಿಸುತ್ತಾರೆ, ಬರೆದಿಡಿ. ಬರೆಯುವಾಗ ಮೂರು ಸಂಗತಿ ಬಿಡಬೇಡಿ: ವಸ್ತು ಯಾರು ಮಾಡಿದ್ದು, ಯಾವ ವರ್ಷ, ಈಗ ಯಾರ ಹತ್ತಿರ ಇದೆ. ಫೋಟೊ ತೆಗೆಯುವ ಮೊದಲು ಕೇಳಿ, ಹೆಸರು ಹಾಕಲೇ ಅಂತಲೂ ಕೇಳಿ, ಬೇಡ ಅಂದರೆ ಹಾಕಬೇಡಿ.

ಏಜೆಂಟರ ಬಗ್ಗೆ ಕೇಳಿದವರಿಗೆಲ್ಲ ಒಟ್ಟಿಗೆ: ಅರ್ಜಿಯನ್ನು ನೀವೇ ನೇರವಾಗಿ ಯೂನಿವರ್ಸಿಟಿಗೆ ಹಾಕಬಹುದು, ಅದಕ್ಕೆ ಯಾರಿಗೂ ಲಕ್ಷ ರೂಪಾಯಿ ಕೊಡಬೇಕಿಲ್ಲ.